ಸೀವರ್ಡ್ ದೋಣಿಯೋ, ವಿಟ್ಟಿಯರ್ ದೋಣಿಯೋ?

ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದವರಿಗೆ ಹಿಮನದಿ ನೋಡಲು ದೋಣಿ ಹತ್ತುವ ಊರುಗಳು ಎರಡು: ಸೀವರ್ಡ್ ಮತ್ತು ವಿಟ್ಟಿಯರ್. ನಾನೂ ನನ್ನ ಗಂಡನೂ ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡಿ ಬಂದೆವು. ಜೇಬಿಗೆ ಭಾರವೇ. ಒಂದಕ್ಕೆ ಮಾತ್ರ ದುಡ್ಡಿದ್ದರೆ ನನ್ನ ವೋಟು ಸೀವರ್ಡ್‌ಗೆ, ಅವರದು ವಿಟ್ಟಿಯರ್‌ಗೆ.

ಸೀವರ್ಡ್ ಸುಮಾರು 200 ಕಿ.ಮೀ. ದೂರ. ವಿಟ್ಟಿಯರ್ ಹೆಚ್ಚುಕಮ್ಮಿ ಅದರ ಅರ್ಧ. ಆದರೆ ವಿಟ್ಟಿಯರ್‌ಗೆ ರಸ್ತೆಯಲ್ಲಿ ಹೋಗಬೇಕೆಂದರೆ 4 ಕಿ.ಮೀ. ಉದ್ದದ ಸುರಂಗ ದಾಟಲೇಬೇಕು. ಅಲ್ಲಿ ಇರುವುದು ಒಂದೇ ಸಾಲು. ರೈಲು ಓಡುವ ಹಳಿಯ ಮೇಲೇ ಕಾರೂ ಓಡಬೇಕು! ಊರಿಗೆ ಹೋಗುವವರನ್ನು ಒಂಬತ್ತೂವರೆ, ಹತ್ತೂವರೆ ಹೀಗೆ ಬಿಡುತ್ತಾರೆ, ವಾಪಸ್ ಬರುವವರನ್ನು ಹತ್ತು, ಹನ್ನೊಂದು ಹೀಗೆ ಗಂಟೆಗೆ ಸರಿಯಾಗಿ. ನಿಮ್ಮ ಸರದಿ ತಪ್ಪಿತೋ, ಇನ್ನೊಂದು ಗಂಟೆ ಸುಮ್ನೆ ಕೂತಿರಬೇಕು. ದೋಣಿಯಂತೂ ಕಾಯುವುದಿಲ್ಲ.

ವಿಟ್ಟಿಯರ್ ದೋಣಿ ಓಡುವುದು ಪ್ರಿನ್ಸ್ ವಿಲಿಯಂ ಸೌಂಡ್ ಅನ್ನುವ ಒಳಗಡಲಿನಲ್ಲಿ. ಸುತ್ತ ಬೆಟ್ಟ, ಹೊರಗಡೆ ದ್ವೀಪಗಳ ತಡೆ, ಹಾಗಾಗಿ ಅಲೆ ಕಡಿಮೆ. ನಮ್ಮ ಕಾಫಿ ಲೋಟ ಅಲುಗಾಡಲಿಲ್ಲ. ಸೀವರ್ಡ್ ಕಥೆಯೇ ಬೇರೆ. ರೆಸರೆಕ್ಷನ್ ಕೊಲ್ಲಿ ದಾಟಿದ ಮೇಲೆ ತೆರೆದ ಸಮುದ್ರ. ಪಕ್ಕದ ಸೀಟಿನವರು ಕಾಗದದ ಚೀಲ ಹಿಡಿದು ಕೂತಿದ್ದರು. ನನ್ನ ಗಂಡ ಕಿಟಕಿ ಬಿಟ್ಟು ಕದಲಲಿಲ್ಲ, ಮಾತೂ ಆಡಲಿಲ್ಲ. ಅವರ ವೋಟು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ವಾ?

ಆದರೆ ಪ್ರಾಣಿ ನೋಡಬೇಕಂದ್ರೆ ಆ ಅಲೆಗಳ ಕಡೆಗೇ ಹೋಗಬೇಕು. ಚಿಸ್ವೆಲ್ ದ್ವೀಪಗಳ ಬಂಡೆ ಮೇಲೆ ಸ್ಟೆಲ್ಲರ್ ಕಡಲಸಿಂಹಗಳು ಒಂದರ ಮೇಲೊಂದು ಬಿದ್ದುಕೊಂಡು ಜಗಳ ಆಡುತ್ತಿದ್ದವು. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ! ಪಫಿನ್ ಹಕ್ಕಿಗಳು ಕಿತ್ತಳೆ ಕೊಕ್ಕು ಮುಂದೆ ಮಾಡಿ, ಪುಟ್ಟ ರೆಕ್ಕೆಗಳನ್ನು ಪಟಪಟ ಬಡಿಯುತ್ತಾ ನೀರಿಗೆ ತಾಗಿದಂತೆಯೇ ಹಾರುತ್ತವೆ. ಹಂಪ್‌ಬ್ಯಾಕ್ ತಿಮಿಂಗಿಲವೊಂದು ದೋಣಿ ಹತ್ತಿರವೇ ಉಸಿರು ಬಿಟ್ಟಿತು. ಹನಿ ನಮ್ಮ ಮೇಲೆ ಬೀಳಲಿಲ್ಲ, ಕೊಳೆತ ಮೀನಿನ ವಾಸನೆ ಮಾತ್ರ ಬಂತು. ಚಳಿಗಾಲವನ್ನು ಹವಾಯಿ ಕಡೆ ಕಳೆದು ಬೇಸಿಗೆಗೆ ಇಲ್ಲಿ ಉಣ್ಣಲು ಬರುವ ಗುಂಪು ಇದು. ವಿಟ್ಟಿಯರ್‌ನಲ್ಲಿ ನಮಗೆ ಸಿಕ್ಕಿದ್ದು ಅಂಗಾತ ಮಲಗಿದ ಕಡಲ ನೀರುನಾಯಿಗಳು, ಬಂಡೆ ತುಂಬಾ ಕಿಟ್ಟಿವೇಕ್ ಹಕ್ಕಿಗಳು. ಅಷ್ಟೇ.

ಹಿಮನದಿಯ ವಿಷಯದಲ್ಲಿ ಮಾತ್ರ ನಾನು ಸೋತೆ. ವಿಟ್ಟಿಯರ್ ದೋಣಿ ಹ್ಯಾರಿಮನ್ ಫ್ಯೋರ್ಡ್ (ಬೆಟ್ಟಗಳ ನಡುವೆ ಚಾಚಿದ ಕಿರಿದಾದ ಕಡಲು) ಒಳಗೆ ಸರ್‌ಪ್ರೈಸ್ ಹಿಮನದಿಯ ಮುಂದೆ ನಿಂತು ಎಂಜಿನ್ ಆರಿಸಿತು. ತೇಲುವ ಮಂಜು ಚೂರುಗಳಿಂದ ಸೋಡಾ ಬಾಟಲಿ ತೆರೆದಂಥ ಚಿರಚಿರ ಸದ್ದು. ಒಳಗೆ ಸಿಕ್ಕಿದ ಹಳೇ ಗಾಳಿಗುಳ್ಳೆ ಒಡೆಯುವುದಂತೆ. ಆಮೇಲೆ ಹಿಮನದಿಯ ಗೋಡೆಯಂಥ ಅಂಚಿನಿಂದ ಒಂದು ದೊಡ್ಡ ತುಂಡು ಸದ್ದಿಲ್ಲದೆ ಜಾರಿತು. ಅದು ನೀರಿಗೆ ಬಿದ್ದಾದ ಮೇಲೆ ಗುಡುಗು ಕೇಳಿಸಿತು.

ಸೀವರ್ಡ್‌ನಲ್ಲೂ ಐಯಾಲಿಕ್, ಹೋಲ್‌ಗೇಟ್ ಹಿಮನದಿಗಳಿವೆ. ಆದರೆ ಅಲ್ಲಿಗೆ ಹೋಗುವುದು ಆರು ಗಂಟೆ ಅಥವಾ ಅದಕ್ಕೂ ಜಾಸ್ತಿ ಹೊತ್ತಿನ ಟ್ರಿಪ್. ಅಗ್ಗದ ಚಿಕ್ಕ ಟ್ರಿಪ್‌ಗಳು ಕೊಲ್ಲಿ ಸುತ್ತಿಸಿ ವಾಪಸ್ ಕರೆತರುತ್ತವೆ. ಟಿಕೆಟ್ ಕೊಳ್ಳುವ ಮುಂಚೆ ಹಿಮನದಿಯ ಹೆಸರು ಇದೆಯಾ ನೋಡಿಕೊಳ್ಳಿ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಯೋಚನೆಯೇ ಬೇಡ, ವಿಟ್ಟಿಯರ್. ಸೀವರ್ಡ್‌ಗೆ ಹೋಗುವವರು ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ನುಂಗಿ. ಜುಲೈ ಆದರೂ ಸ್ವೆಟರ್, ಟೋಪಿ, ಮಳೆ ಕೋಟು ಮೂರೂ ಬೇಕು.