ಕೀ ತೆಗೆದರೂ ಆರದ ಸಾಕೆಟ್: ಎರಡು ಬೇಸಿಗೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಕಾರಿನ 12 ವೋಲ್ಟ್ ಸಾಕೆಟ್‌ಗೆ ಬ್ಯಾಟರಿಯಿಂದ ನೇರ ಸಂಪರ್ಕ ಕೊಡಿಸುವುದು ಅಗ್ಗದ ಕೆಲಸ, ಸುಲಭದ ಕೆಲಸ, ಮತ್ತು ಹೆಚ್ಚಿನವರಿಗೆ ಬೇಡದ ಕೆಲಸ. ನನಗೆ ಬೇಕಾಗಿತ್ತು. ಯಾಕೆ ಬೇಕಾಗಿತ್ತು ಎಂಬುದನ್ನು ಓದಿದರೆ ನಿಮಗೆ ಬೇಕೋ ಬೇಡವೋ ಎಂಬುದು ಅಲ್ಲಿಯೇ ತೀರ್ಮಾನವಾಗಬಹುದು.

ನಾನು ಚಿತ್ರದುರ್ಗದ ಸುತ್ತಮುತ್ತ ಕೆಲಸ ಮಾಡುವ ಪರವಾನಗಿ ಭೂಮಾಪಕ. ಹದ್ದುಬಸ್ತು, ಪೋಡಿ, 11ಇ ನಕ್ಷೆ ಎಂಬ ಜಮೀನು ಅಳತೆಯ ಕೆಲಸಗಳಿಗೆಂದು ವರ್ಷವಿಡೀ ಹೊಲಗಳಲ್ಲಿ ಓಡಾಟ. ಸರಪಳಿ ಹಿಡಿದು ಅಳೆಯುತ್ತಿದ್ದ ಕಾಲಕ್ಕೆ ಬೇಕಾಗಿದ್ದು ಇಬ್ಬರು ಆಳುಗಳು ಮತ್ತು ಬಿಸಿಲು ತಡೆಯುವ ತಲೆ. ಉಪಗ್ರಹ ಸಂಕೇತದಿಂದ ಜಾಗ ಅಳೆಯುವ ರೋವರ್ ಎಂಬ ಉಪಕರಣ ಬಂದ ಮೇಲೆ ಬೇಕಾಗಿರುವುದು ಚಾರ್ಜ್ ಆದ ಬ್ಯಾಟರಿಗಳು. ರೋವರ್‌ಗೆ ಒಂದು, ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೆ ಒಂದು, ಬದಲಿಗೆ ಇನ್ನೆರಡು. ಒಂದು ಜೋಡಿ ಹೊಲದಲ್ಲಿರುವಾಗ ಇನ್ನೊಂದು ಜೋಡಿ ಕಾರಿನಲ್ಲಿ ತುಂಬುತ್ತಿರಬೇಕು. ಕಾರು ರಸ್ತೆಯ ಅಂಚಿನಲ್ಲಿ, ನಾನು ಒಳಗೆ ಬಾಂದು ಕಲ್ಲು ಹುಡುಕುತ್ತಾ, ಕೀ ನನ್ನ ಜೇಬಿನಲ್ಲಿ. ಕೀ ಜೇಬಿಗೆ ಬಂದ ಕ್ಷಣವೇ ಸಾಕೆಟ್ ಸತ್ತಿರುತ್ತದೆ.

ಕಾರು ತಯಾರಿಸುವವರನ್ನು ಇದಕ್ಕೆ ಬೈಯುವಂತಿಲ್ಲ. ಕೀ ತಿರುಗಿಸಿದಾಗ ಲಾಕ್, ಎಸಿಸಿ, ಆನ್, ಸ್ಟಾರ್ಟ್ ಎಂಬ ಹಂತಗಳಿವೆಯಲ್ಲ, ಅದರಲ್ಲಿ ಎಸಿಸಿ (ಆಕ್ಸೆಸರಿ) ಹಂತಕ್ಕೆ ಸಾಕೆಟ್ಟನ್ನೂ ಸ್ಟೀರಿಯೊವನ್ನೂ ಕಟ್ಟಿಹಾಕಿರುತ್ತಾರೆ. ಮರೆತು ಬಿಟ್ಟ ಚಾರ್ಜರ್ ರಾತ್ರಿಯೆಲ್ಲ ಬ್ಯಾಟರಿ ಹೀರದಿರಲಿ ಎಂಬ ಮುಂಜಾಗ್ರತೆ ಅದು. ಯುರೋಪಿನ ಹಲವು ಕಾರುಗಳಲ್ಲಿ ಸಾಕೆಟ್ ಸದಾ ಜೀವಂತವಾಗಿರುತ್ತದೆ. ನಮ್ಮಲ್ಲಿ ಓಡುವ ಜಪಾನಿ ಮೂಲದ ಕಾರುಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ನನ್ನದು ಪೆಟ್ರೋಲ್ ವ್ಯಾಗನ್‌ಆರ್. ವಾರಂಟಿ ಮುಗಿದು ಬಹಳ ಕಾಲವಾಗಿತ್ತು, ಹಾಗಾಗಿ ಕೈ ಹಾಕುವ ಧೈರ್ಯವೂ ಇತ್ತು.

ಇದನ್ನು ಮಾಡಲು ದಾರಿಗಳು ಹಲವು. ಅತಿ ಸುಲಭದ್ದು ಫ್ಯೂಸ್ ಟ್ಯಾಪ್: ಫ್ಯೂಸ್ ಪೆಟ್ಟಿಗೆಯಲ್ಲಿ ಸದಾ ವಿದ್ಯುತ್ ಇರುವ ಒಂದು ಜಾಗವನ್ನು, ಅಂದರೆ ಒಳದೀಪದ್ದನ್ನೋ ಹಜಾರ್ಡ್ ದೀಪದ್ದನ್ನೋ, ಹುಡುಕಿ ಆ ಫ್ಯೂಸ್ ತೆಗೆದು ಎರಡು ಫ್ಯೂಸ್ ಕೂರುವ ಕವಲನ್ನು ಚುಚ್ಚುವುದು. ಡ್ಯಾಶ್‌ಕ್ಯಾಮ್‌ಗೆ ಇಷ್ಟು ಸಾಕು. ಅದನ್ನು ತಿರುವು ಮುರುವಾಗಿ ಚುಚ್ಚಿದರೆ ಮಾತ್ರ ಹೊಸ ಸಾಲಿನ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹರಿಯುತ್ತದೆ. ಎರಡರ ಭಾರವೂ ಒಂದರ ಮೇಲೆ ಬಿದ್ದು, ಒಂದು ದಿನ ಒಳದೀಪವೂ ಸಾಕೆಟ್ಟೂ ಒಟ್ಟಿಗೆ ಆರುತ್ತವೆ. ಯಾವ ಕಡೆ ಬ್ಯಾಟರಿಯ ಕಡೆ ಎಂದು ಫ್ಯೂಸ್ ತೆಗೆದು ಮಲ್ಟಿಮೀಟರ್‌ನಿಂದ ನೋಡಿಯೇ ಚುಚ್ಚಬೇಕು. ಇದಲ್ಲದೆ, ಸಾಕೆಟ್‌ನಲ್ಲಿ ಚಕ್ರಕ್ಕೆ ಗಾಳಿ ಹಾಕುವ ಪಂಪನ್ನೂ ಬಳಸುವ ಯೋಚನೆ ಇದ್ದರೆ ಫ್ಯೂಸ್ ಟ್ಯಾಪ್ ಸಾಲದು. ಪಂಪು ಹತ್ತು ಆಂಪಿಯರ್‌ವರೆಗೂ ಎಳೆಯುತ್ತದೆ, ಅಗ್ಗದ ಟ್ಯಾಪಿನ ತೆಳು ಕಾಲುಗಳು ಬಿಸಿಯಾಗುತ್ತವೆ.

ನಾನು ಆರಿಸಿಕೊಂಡಿದ್ದು ಉದ್ದನೆಯ ದಾರಿ. ಬ್ಯಾಟರಿಯ ಧನ ತುದಿಯಿಂದ 2.5 ಚದರ ಮಿಲಿಮೀಟರ್ ತಾಮ್ರದ ವೈರ್. ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್‌ನ ನೀಲಿ ಫ್ಯೂಸ್. ಅಲ್ಲಿಂದ ಎಂಜಿನ್ ಗೋಡೆಯಲ್ಲಿ ಮೊದಲೇ ಇರುವ ರಬ್ಬರ್ ಬಿರಡೆಯ ಮೂಲಕ ಒಳಕ್ಕೆ, ಡ್ಯಾಶ್‌ಬೋರ್ಡಿನ ಕೆಳಗೆ ಕೂತ, ಬ್ಯಾಟರಿ ಇಳಿದರೆ ಸಂಪರ್ಕ ಕಡಿಯುವ ಲೋ ವೋಲ್ಟೇಜ್ ಕಟ್‌ಆಫ್ ಪೆಟ್ಟಿಗೆಗೆ, ಅಲ್ಲಿಂದ ಸಾಕೆಟ್‌ಗೆ. ಫ್ಯೂಸ್ ಬ್ಯಾಟರಿಯ ಬಳಿಯೇ ಇರಬೇಕೆಂದು ನಾನು ಹಟ ಹಿಡಿದೆ. ಸಾಕೆಟ್ಟಿನ ಹತ್ತಿರ ಹಾಕಿದರೆ ಅದು ಸಾಕೆಟ್ಟನ್ನು ಮಾತ್ರ ಕಾಯುತ್ತದೆ. ಇಲಿ ಕಡಿದೋ ತಗಡಿಗೆ ಉಜ್ಜಿಯೋ ನಡುವೆ ಎಲ್ಲಿ ವೈರಿನ ಮೈ ತೆರೆದರೂ ಬ್ಯಾಟರಿಯ ಇಡೀ ಬಲ ಅಲ್ಲಿ ಸುಡುತ್ತದೆ.

ಕೆಲಸ ಮಾಡಿದವರು ನಮ್ಮೂರಿನ ಹಳೆಯ ಆಟೊ ಎಲೆಕ್ಟ್ರಿಷಿಯನ್. ಅವರ ಮೊದಲ ಪ್ರಶ್ನೆ, ಇಂಥವರೆಲ್ಲರೂ ಕೇಳುವಂಥದ್ದೇ: “ಡೈರೆಕ್ಟ್ ಕೊಡಬೇಕೋ ಸಾರ್, ಇಗ್ನಿಷನ್‌ನಿಂದ ಕೊಡಬೇಕೋ?” ಡೈರೆಕ್ಟ್ ಎಂದೆ. “ಹಾಗಾದರೆ ಹಳೆಯ ವೈರಿಗೆ ಇದನ್ನೂ ಸೇರಿಸಿ ಸುತ್ತಿಬಿಡೋಣ, ಹತ್ತು ನಿಮಿಷದ ಕೆಲಸ.”

“ಭಾಯ್, ಹಾಗೆ ಮಾಡಿದರೆ ಕೀ ತೆಗೆದ ಮೇಲೂ ಸ್ಟೀರಿಯೊ ಹಾಡುತ್ತದಲ್ಲ?”

ಅವರು ನಕ್ಕು ಹಳೆಯ ವೈರನ್ನು ಬಿಡಿಸಿದರು. ಈ ವಿಷಯದಲ್ಲಿ ನೀವು ಅರಿತುಕೊಳ್ಳಬೇಕಾದ ಒಂದೇ ಒಂದು ಸಂಗತಿ ಇದ್ದರೆ ಅದು ಇದು. ಸಾಕೆಟ್ಟಿಗೆ ಬರುವ ಎಸಿಸಿ ವೈರನ್ನು ಬಿಡಿಸದೆ ಹೊಸ ವೈರನ್ನು ಅದಕ್ಕೇ ಕಟ್ಟಿದರೆ ವಿದ್ಯುತ್ ಹಿಮ್ಮುಖವಾಗಿ ಎಸಿಸಿ ಸಾಲಿಗೂ ಹರಿದು, ಆ ಸಾಲಿನಲ್ಲಿರುವ ಎಲ್ಲವೂ ಕೀ ಇಲ್ಲದೆಯೇ ಎಚ್ಚರವಾಗಿರುತ್ತವೆ. ಬೆಳಗ್ಗೆ ಬ್ಯಾಟರಿ ಖಾಲಿ. ನಮ್ಮ ಕಾರಿನಲ್ಲಿ ಬಿಡಿಸಿದ ಎಸಿಸಿ ವೈರು ವ್ಯರ್ಥವಾಗಲಿಲ್ಲ. ಅದಕ್ಕೆ ಪಕ್ಕದಲ್ಲೇ ಇನ್ನೊಂದು ಪುಟ್ಟ ಯುಎಸ್‌ಬಿ ಸಾಕೆಟ್ ಹಾಕಿಸಿದೆ. ಮೊಬೈಲ್ ಅಲ್ಲಿ, ಕೀ ಜೊತೆಗೆ ಹತ್ತಿ ಕೀ ಜೊತೆಗೆ ಆರುತ್ತದೆ. ಸದಾ ಜೀವಂತವಾದದ್ದು ರೋವರ್‌ಗೆ ಮಾತ್ರ. ಮಾಡಿಸುವವರು ದಯವಿಟ್ಟು ಈ ಎರಡು ಸಾಕೆಟ್ಟಿನ ಏರ್ಪಾಡನ್ನೇ ಮಾಡಿಸಿಕೊಳ್ಳಿ. ಇರುವ ಒಂದೇ ಸಾಕೆಟ್ಟನ್ನು ಡೈರೆಕ್ಟ್ ಮಾಡಿಸಿಕೊಂಡರೆ ಪ್ರತಿ ಬಾರಿ ಇಳಿಯುವಾಗಲೂ ಮೊಬೈಲ್ ಚಾರ್ಜರ್ ಕಿತ್ತೆನೇ ಎಂದು ನೆನಪಿಸಿಕೊಳ್ಳಬೇಕು.

ಇನ್ನು ಕಟ್‌ಆಫ್ ಪೆಟ್ಟಿಗೆ. ಇಡೀ ಜೋಡಣೆಯ ಪ್ರಾಣ ಇದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಆನ್‌ಲೈನ್‌ನಲ್ಲಿ ಐನೂರು ಆರುನೂರು ರೂಪಾಯಿಗೆ ಸಿಗುವ, ಹೆಸರಿಲ್ಲದ ಸರಕು. ಬ್ಯಾಟರಿಯ ವೋಲ್ಟೇಜ್ ನಾವು ಹೇಳಿದ ಅಂಕಿಗಿಂತ ಇಳಿದರೆ ಸಾಕೆಟ್ಟನ್ನು ಆರಿಸುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ವೋಲ್ಟೇಜನ್ನು 14ರ ಆಸುಪಾಸಿಗೆ ಏರಿಸಿದಾಗ ತಾನೇ ಮರಳಿ ಹತ್ತಿಸುತ್ತದೆ. ನನಗೆ ಬಂದದ್ದು 11.6ಕ್ಕೆ ಹೊಂದಿಸಿದ್ದು. ಅದನ್ನು ಹಾಗೆಯೇ ಬಿಟ್ಟರೆ ಪೆಟ್ಟಿಗೆ ಇದ್ದೂ ಇಲ್ಲದಂತೆ. ಸೀಸ-ಆಮ್ಲದ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ 12.6 ತೋರಿಸಿದರೆ ತುಂಬಿದೆ ಎಂದರ್ಥ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. 11.6ಕ್ಕೆ ಬರುವಷ್ಟರಲ್ಲಿ ಸ್ಟಾರ್ಟರ್ ಮೋಟಾರ್ ಟಿಕ್ ಎನ್ನುವುದನ್ನೂ ನಿಲ್ಲಿಸಿರುತ್ತದೆ. ಕಾರಿನ ಬ್ಯಾಟರಿ ಇನ್ವರ್ಟರ್ ಬ್ಯಾಟರಿಯಂತಲ್ಲ. ಒಮ್ಮೆಗೆ ನೂರಾರು ಆಂಪಿಯರ್ ಕೊಟ್ಟು ಎಂಜಿನ್ ತಿರುಗಿಸಲೆಂದು ತೆಳು ಫಲಕಗಳಿಂದ ಮಾಡಿದ್ದು. ಅದನ್ನು ಪದೇ ಪದೇ ಆಳಕ್ಕೆ ಇಳಿಸಿದರೆ ಸತ್ತುಹೋಗುತ್ತದೆ. ನಾನು 12.2ಕ್ಕೆ ಹೊಂದಿಸಿದೆ, ಮತ್ತೆ ಬದಲಿಸಿಲ್ಲ.

ಲೆಕ್ಕ ಹೀಗಿದೆ. ನನ್ನ ಬ್ಯಾಟರಿ 35 ಆಂಪಿಯರ್-ಗಂಟೆಯದು. ಅರ್ಧ ಮಿತಿ ಎಂದರೆ ಕೈಗೆ ಸಿಗುವುದು ಸುಮಾರು 17. ರೋವರ್‌ನ ಒಂದು ಬ್ಯಾಟರಿಯಲ್ಲಿ ಸುಮಾರು 50 ವ್ಯಾಟ್-ಗಂಟೆ ಶಕ್ತಿ; ಚಾರ್ಜರ್‌ನ ನಷ್ಟ ಸೇರಿಸಿ ಅದನ್ನು ತುಂಬಲು ಕಾರಿನ ಬ್ಯಾಟರಿಯಿಂದ ಐದು ಆಂಪಿಯರ್-ಗಂಟೆ ಹೋಗುತ್ತದೆ. ಎರಡು ತುಂಬಿದರೆ ಹತ್ತು. ಮಿತಿಯೊಳಗೇ ಇದೆ, ಆದರೆ ಹಾಗೆ ಖರ್ಚಾದ ಹತ್ತು ಹಳ್ಳಿಯಿಂದ ಹಳ್ಳಿಗೆ ಹತ್ತು ನಿಮಿಷ ಓಡಿಸಿದರೆ ಮರಳುವುದಿಲ್ಲ. ಚಳ್ಳಕೆರೆ ಕಡೆಯಿಂದ ಊರಿಗೆ ಹಿಂದಿರುಗುವಷ್ಟು ಓಟ ಇರುವ ದಿನ ಎರಡು, ಇಲ್ಲದ ದಿನ ಒಂದು ಎಂಬುದು ನನ್ನ ನಿಯಮ.

ಬಳಕೆಯಲ್ಲಿ ಈ ಜೋಡಣೆ ಬೇಸರ ತರಿಸಲಿಲ್ಲ. ಬೇಸರ ತರಿಸಿದ್ದು ಬಿಸಿಲು. ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚಾರ್ಜ್ ಮಾಡಬಾರದು ಎಂದು ಅವುಗಳ ಮೈಮೇಲೇ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಗಾಜು ಏರಿಸಿ ಬಯಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೈ ಇಡಲಾಗುವುದಿಲ್ಲ. ಸಾಕೆಟ್ ಜೀವಂತ, ಚಾರ್ಜರ್ ಮಾತ್ರ ಕೆಂಪು ದೀಪ ಮಿನುಗಿಸುತ್ತಾ ಕೆಲಸ ನಿಲ್ಲಿಸಿರುತ್ತದೆ. ಒಳ್ಳೆಯ ಚಾರ್ಜರ್ ಆದರೆ ಹೀಗೆ ನಿಲ್ಲಿಸುತ್ತದೆ. ಕಳಪೆಯದಾದರೆ ನಿಲ್ಲಿಸುವುದಿಲ್ಲ, ಅದೇ ಹೆಚ್ಚು ಭಯ. ಈಗ ಮಾರ್ಚ್‌ನಿಂದ ಮೇವರೆಗೆ ಹುಣಸೆಯ ನೆರಳು ಸಿಕ್ಕರೆ ಮಾತ್ರ ಚಾರ್ಜಿಗೆ ಹಾಕುತ್ತೇನೆ, ಅದೂ ಚಾರ್ಜರನ್ನು ಸೀಟಿನ ಕೆಳಗೆ ನೆಲದ ಮೇಲೆ ಇಟ್ಟು. ನೆರಳು ಸರಿದು ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಹನ್ನೊಂದಕ್ಕೆ ತಣ್ಣಗಿದ್ದ ಜಾಗ ಒಂದಕ್ಕೆ ಒಲೆಯಾಗಿರುತ್ತದೆ.

ಪಂಪಿನ ಕತೆ ಬೇರೆ. ಎಂಜಿನ್ ಆರಿಸಿ ಪಂಪು ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಪೆಟ್ಟಿಗೆ ಟಪ್ ಎಂದು ಕಡಿಯುತ್ತದೆ, ಬ್ಯಾಟರಿ ತುಂಬಿದ್ದರೂ. ಪೆಟ್ಟಿಗೆ ಕೆಟ್ಟಿದೆ ಎಂದು ಹಿಂದಿರುಗಿಸಿದವರನ್ನು ಬಲ್ಲೆ. ಕೆಟ್ಟಿರುವುದಿಲ್ಲ. 2.5 ಚದರ ಮಿಲಿಮೀಟರ್ ವೈರಿನ ಪ್ರತಿ ಮೀಟರಿಗೆ ಸುಮಾರು 7 ಮಿಲಿಓಮ್ ತಡೆ ಇರುತ್ತದೆ. ಮೂರು ಮೀಟರಿನಲ್ಲಿ ಹತ್ತು ಆಂಪಿಯರ್ ಹರಿದರೆ ವೈರಿನಲ್ಲೇ 0.2 ವೋಲ್ಟ್ ಕಳೆದುಹೋಗುತ್ತದೆ. ಭಾರ ಬಿದ್ದಾಗ ಬ್ಯಾಟರಿ ಕುಗ್ಗುವುದು ಬೇರೆ. ಡ್ಯಾಶ್‌ಬೋರ್ಡ್ ಕೆಳಗಿರುವ ಪೆಟ್ಟಿಗೆಗೆ ಕಾಣುವುದು ಇದೆಲ್ಲ ಕಳೆದು ಉಳಿದ ವೋಲ್ಟೇಜ್. ಅದರ ಮಟ್ಟಿಗೆ ಅದು ಸರಿಯಾಗಿಯೇ ಕಡಿದಿದೆ. ತೆಳುವಾದ 1.5ರ ವೈರ್ ಹಾಕಿದ್ದರೆ ನಷ್ಟ ಇನ್ನೂ ಹೆಚ್ಚು. ಪಂಪು ಬಳಸುವಾಗ ಎಂಜಿನ್ ಓಡಲಿ, ಗೋಜೇ ಇಲ್ಲ.

ತಿಂಗಳುಗಟ್ಟಲೆ ಬಳಸಿದ ಮೇಲೆ ಕಂಡ ದೋಷಗಳನ್ನೂ ಹೇಳಬೇಕು. ಮೊದಲನೆಯದು, ಏನೂ ಚುಚ್ಚದಿದ್ದಾಗಲೂ ಪೆಟ್ಟಿಗೆ ತಾನು ಕುಡಿಯುವುದು. ಬ್ಯಾಟರಿಯ ಋಣ ತುದಿಯಲ್ಲಿ ಮಲ್ಟಿಮೀಟರ್ ಸೇರಿಸಿ ಅಳೆದಾಗ, ಕಾರು ತಾನಾಗಿ ಎಳೆಯುವುದು 20 ಮಿಲಿಆಂಪಿಯರ್, ಪೆಟ್ಟಿಗೆ ಮತ್ತು ಅದರ ಅಂಕಿ ತೋರಿಸುವ ನೀಲಿ ದೀಪ ಸೇರಿ ಇನ್ನು 15. ಒಟ್ಟು 35 ಎಂದರೆ ದಿನಕ್ಕೆ 0.84 ಆಂಪಿಯರ್-ಗಂಟೆ, ಮೂರು ವಾರ ಕಾರು ನಿಂತರೆ ಅರ್ಧ ಬ್ಯಾಟರಿ ಮಾಯ. ಕಟ್‌ಆಫ್ ತನ್ನ ಕಾವಲಿನ ಖರ್ಚನ್ನು ತಾನೇ ಕಡಿದುಕೊಳ್ಳುವುದಿಲ್ಲ ಎಂಬುದು ಮಾರುವವರ ಪುಟದಲ್ಲಿ ಎಲ್ಲೂ ಇರಲಿಲ್ಲ. ಊರಿಗೆ ಹೋಗುವಾಗ ಬಾನೆಟ್ ಎತ್ತಿ ಆ ನೀಲಿ ಫ್ಯೂಸ್ ಕಿತ್ತು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಟ್ಟು ಹೋಗುತ್ತೇನೆ. ಎರಡನೆಯದು, ಒಳಗೆ ವೈರ್ ಹಿಡಿಯುವ ಸ್ಕ್ರೂಗಳು ಹೊಲದ ದಾರಿಯ ಕುಲುಕಾಟಕ್ಕೆ ಸಡಿಲವಾಗುತ್ತವೆ. ಸಡಿಲವಾದ ಜಾಗ ಬಿಸಿಯಾಗಿ ಪ್ಲಾಸ್ಟಿಕ್ ಕಂದಾಗಿತ್ತು. ವೈರಿನ ತುದಿಗೆ ತಾಮ್ರದ ತೋಳು ಒತ್ತಿಸಿ ಮತ್ತೆ ಬಿಗಿಸಿದ ಮೇಲೆ ಸರಿಹೋಯಿತು, ಆದರೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಮುಟ್ಟಿ ನೋಡುತ್ತೇನೆ. ನೀಲಿ ದೀಪವಂತೂ ಕತ್ತಲಲ್ಲಿ ನಿಂತ ಕಾರಿನೊಳಗೆ ಏನೋ ಇದೆ ಎಂದು ದಾರಿಹೋಕರಿಗೆಲ್ಲ ಸಾರುತ್ತಿತ್ತು. ಕಪ್ಪು ಟೇಪ್ ಅಂಟಿಸಿದ್ದೇನೆ. ಸಾಕೆಟ್ಟಿಗೆ ಮುಚ್ಚಳ ಇರಲೇಬೇಕು. ಮಕ್ಕಳು ಒಳಗೆ ನಾಣ್ಯ ಹಾಕಿದರೆ ಫ್ಯೂಸ್ ಹೋಗುತ್ತದೆ, ಈಗ ಕೀ ಇಲ್ಲದಿದ್ದರೂ ಹೋಗುತ್ತದೆ.

ಹೊಸ ಕಾರಿನವರಿಗೆ ನನ್ನ ಜೋಡಣೆಯನ್ನು ಯಥಾವತ್ತಾಗಿ ಶಿಫಾರಸು ಮಾಡಲಾರೆ. ಕಂಪನಿಯ ವೈರನ್ನು ಕತ್ತರಿಸಿದ ಗುರುತು ಕಂಡರೆ ಸರ್ವಿಸ್ ಕೇಂದ್ರಗಳು ವಿದ್ಯುತ್ ಭಾಗಗಳ ವಾರಂಟಿಯ ಮಾತೇ ಎತ್ತಗೊಡುವುದಿಲ್ಲ. ಅಲ್ಲಿ ಫ್ಯೂಸ್ ಟ್ಯಾಪೇ ವಾಸಿ, ಕಿತ್ತರೆ ಗುರುತು ಉಳಿಯದು. ಸಿಗ್ನಲ್‌ನಲ್ಲಿ ತಾನೇ ಎಂಜಿನ್ ಆರಿಸುವ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿಗೆ ಒಂದು ಸೆನ್ಸರ್ ಇರುತ್ತದೆ. ಹೊಸ ಸಾಲಿನ ಅರ್ತ್ ವೈರನ್ನು ಆ ತುದಿಗೆ ಕಟ್ಟದೆ ಕಾರಿನ ಮೈಗೆ ಕಟ್ಟಬೇಕು. ಇಲ್ಲದಿದ್ದರೆ ನೀವು ಬಳಸಿದ ಕರೆಂಟ್ ಸೆನ್ಸರ್‌ನ ಲೆಕ್ಕಕ್ಕೆ ಸಿಗುವುದಿಲ್ಲ, ಬ್ಯಾಟರಿ ಅರ್ಧವಾಗಿದ್ದರೂ ತುಂಬಿದೆ ಎಂದೇ ಅದು ನಂಬಿರುತ್ತದೆ.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಆ ಸ್ಕ್ರೂಗಳಿಗೆ.

ನನ್ನ ಸಾಕೆಟ್ ನೋಡಿದ ಪಶುವೈದ್ಯ ಮಿತ್ರರೊಬ್ಬರು ಕಾಲುಬಾಯಿ ರೋಗದ ಲಸಿಕೆ ಇಡಲು ಕಾರಿನ ಪುಟ್ಟ ಫ್ರಿಜ್ ಕೊಂಡು ಇದೇ ರೀತಿ ಚುಚ್ಚಿಡಬಹುದೇ ಎಂದು ವಿಚಾರಿಸಿದರು. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು, ಒಂದು ಗಂಟೆಯೂ ತಪ್ಪುವಂತಿಲ್ಲ. 45 ವ್ಯಾಟ್ ಫ್ರಿಜ್ ಓಡುವಾಗ 3.75 ಆಂಪಿಯರ್ ಎಳೆಯುತ್ತದೆ. ಬೇಸಿಗೆಯಲ್ಲಿ ಅರ್ಧ ಹೊತ್ತು ಓಡಿದರೂ ಹತ್ತು ಗಂಟೆಗೆ 19 ಆಂಪಿಯರ್-ಗಂಟೆ ಬೇಕು. ಅಷ್ಟರೊಳಗೆ ನನ್ನಂಥ ಪೆಟ್ಟಿಗೆ ಕಡಿದುಬಿಟ್ಟಿರುತ್ತದೆ, ಲಸಿಕೆ ಬಿಸಿಯಾಗಿರುತ್ತದೆ. ಕಡಿಯದಿದ್ದರೆ ಕಾರು ಹಳ್ಳಿಯಲ್ಲೇ ಉಳಿಯುತ್ತದೆ. ಬೇರೆಯದೇ ಒಂದು ಬ್ಯಾಟರಿ ಹಿಂದೆ ಇಡಿಸಿ, ಇಲ್ಲವಾದರೆ ಈಗಿರುವ ಐಸ್ ಪ್ಯಾಕ್ ಪೆಟ್ಟಿಗೆಯನ್ನೇ ಮುಂದುವರಿಸಿ ಎಂದೆ. ಅವರು ಐಸ್ ಪ್ಯಾಕ್‌ಗಳನ್ನು ಇನ್ನೊಂದು ಜೊತೆ ಕೊಂಡರು.