ಷೆಡ್ಡಿಗೊಂದು ಮೊಳೆ ಗನ್: ಕಾಗದದ ಪಟ್ಟಿಯೋ, ಪ್ಲಾಸ್ಟಿಕ್ಕೋ, ಬ್ಯಾಟರಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಗ್ಯಾರೇಜಿನಲ್ಲಿ ಈಗ ಉಳಿದಿರುವುದು 21 ಡಿಗ್ರಿಯ ಗಾಳಿ ಗನ್ ಒಂದೇ, ಕಂಪ್ರೆಸರಿನ ಗಾಳಿಯ ಬಲದಲ್ಲಿ ಮೊಳೆ ಹೊಡೆಯುವಂಥದ್ದು. ಡಿಗ್ರಿಯ ಲೆಕ್ಕ ಮುಂದೆ ಹೇಳುತ್ತೇನೆ. ಮೆಟಾಬೊ ಎಚ್‌ಪಿಟಿ ಕಂಪನಿಯ ಎನ್‌ಆರ್90. 2018ರವರೆಗೆ ಇದು ಹಿಟಾಚಿ ಹೆಸರಲ್ಲಿ ಬರುತ್ತಿತ್ತು, ಇಲ್ಲಿನ ಹಳೇ ಬಡಗಿಗಳು ಈಗಲೂ ಹಿಟಾಚಿ ಅಂತಲೇ ಕರೆಯುತ್ತಾರೆ. ಇದಕ್ಕೆ ಮುಂಚೆ ಕೊಂಡಿದ್ದ 30 ಡಿಗ್ರಿಯದನ್ನು ಮಾರಿದೆ. ಗೆಳೆಯನಿಂದ ತಂದಿದ್ದ ಬ್ಯಾಟರಿ ಗನ್ನನ್ನು ವಾಪಸ್ ಕೊಟ್ಟೆ.

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲೀ ಪಕ್ಕ. ಇಲ್ಲಿ ಮನೆ ಅಂದರೆ ಮರ. ನಮ್ಮೂರಿನಲ್ಲಿ ಮನೆ ಕಟ್ಟುವಾಗ ಮೊಳೆ ಕೆಲಸ ಜಾಸ್ತಿ ಇರುವುದು ಸೆಂಟ್ರಿಂಗ್‌ನವರಿಗೆ. ಅವರೂ ಹೊಡೆದ ಮೊಳೆಯನ್ನು ಕಿತ್ತು, ನೆಟ್ಟಗೆ ಮಾಡಿ, ಮತ್ತೆ ಹೊಡೆಯುತ್ತಾರೆ. ಇಲ್ಲಿ ಗೋಡೆ ನಿಲ್ಲುವುದೇ ಮೊಳೆಯ ಮೇಲೆ. ಹಿತ್ತಿಲಲ್ಲಿ 10 ಅಡಿಗೆ 12 ಅಡಿಯ ಷೆಡ್ ಕಟ್ಟಲು ಹೊರಟಾಗ ಗನ್ ಎಲ್ಲ ಯಾಕೆ, ಸುತ್ತಿಗೆ ಸಾಕು ಅಂದುಕೊಂಡಿದ್ದೆ. ಈ ಕಡೆ ಸಿಗುವ ಹಳದಿ ಪೈನ್ ಗಟ್ಟಿ ಮರ. 16 ಇಂಚಿಗೊಂದು ಟು ಬೈ ಫೋರ್ ಮರದ ಕಂಬ, ಪ್ರತಿಯೊಂದಕ್ಕೂ ಮೇಲೆ ಕೆಳಗೆ ಎರಡೆರಡು ಮೂರಿಂಚಿನ ಮೊಳೆ. ಒಂದು ಗೋಡೆ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ರಾತ್ರಿ ಅನ್ನ ಕಲಸಲು ಬೆರಳು ಮಡಚಲಿಲ್ಲ. ಮರುದಿನವೇ ಗನ್ ತರಲು ಹೋದೆ.

ಅಂಗಡಿಯಲ್ಲಿ ಎದುರಾಗುವ ಮೊದಲ ಗೊಂದಲ ಈ ಡಿಗ್ರಿಯದು. ಗನ್ನಿನೊಳಗೆ ಮೊಳೆಸಾಲು ಎಷ್ಟು ಓರೆಯಾಗಿ ಕೂರುತ್ತದೆ ಅನ್ನುವ ಲೆಕ್ಕ ಅದು, ಅಷ್ಟೇ. 21 ಡಿಗ್ರಿಯಲ್ಲಿ ಮೊಳೆಗಳನ್ನು ಪ್ಲಾಸ್ಟಿಕ್ ಪಟ್ಟಿ ಹಿಡಿದಿರುತ್ತದೆ, ತಲೆ ಪೂರ್ತಿ ದುಂಡು. 30ರಿಂದ 34 ಡಿಗ್ರಿಯವಕ್ಕೆ ಕಾಗದದ ಪಟ್ಟಿ. ಅದರಲ್ಲಿ ಮೊಳೆಯ ತಲೆಯನ್ನು ಒಂದು ಬದಿಗೆ ಕತ್ತರಿಸಿರುತ್ತಾರೆ, ಇಲ್ಲವೇ ಒಂದು ಪಕ್ಕಕ್ಕೆ ಸರಿಸಿರುತ್ತಾರೆ. ಹಾಗಾಗಿ ಮೊಳೆಗಳು ಒತ್ತೊತ್ತಾಗಿ ಕೂರುತ್ತವೆ, ಅಷ್ಟೇ ಉದ್ದದಲ್ಲಿ ಜಾಸ್ತಿ ಹಿಡಿಸುತ್ತವೆ. ಗನ್ನಿನ ಮೂತಿಯೂ ಇಕ್ಕಟ್ಟಾದ ಮೂಲೆಗೆ ಸಲೀಸಾಗಿ ಹೋಗುತ್ತದೆ. ಒಂದರ ಮೊಳೆ ಇನ್ನೊಂದಕ್ಕೆ ಆಗುವುದಿಲ್ಲ. ಕೆಲವು ಕಡೆ ಕಟ್ಟಡದ ನಿಯಮ ತಲೆ ಕತ್ತರಿಸಿದ ಮೊಳೆಯನ್ನು ಒಪ್ಪುವುದಿಲ್ಲ, ಕೊಳ್ಳುವ ಮುಂಚೆ ಕೇಳಿಕೊಳ್ಳಿ.

ನಾನು ಕೊಂಡದ್ದು 30 ಡಿಗ್ರಿಯದು, ಕಾಗದದ್ದು. ಯಾವ ಕಂಪನಿ ಅನ್ನುವುದು ಬೇಡ, ಅದರ ತಪ್ಪೂ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಏಪ್ರಿಲ್‌ನಲ್ಲಿ ತಂದೆ. ಮೊದಲ ವಾರ ಹಬ್ಬವೋ ಹಬ್ಬ. ಒಂದು ದಿನ ಹಿಡಿದಿದ್ದ ಗೋಡೆ ಮುಕ್ಕಾಲು ಗಂಟೆಯಲ್ಲಿ ಎದ್ದು ನಿಂತಿತು. ಆಮೇಲೆ ಆಫೀಸ್ ಕೆಲಸ, ಮಗಳ ಶಾಲೆ, ಮಳೆ ಅಂತ ಷೆಡ್ಡಿನ ಕಡೆ ತಲೆ ಹಾಕಲಿಲ್ಲ. ಅರ್ಧ ಖಾಲಿಯಾದ ಮೊಳೆ ಡಬ್ಬ ಗ್ಯಾರೇಜಿನ ಮೂಲೆಯಲ್ಲಿ ಬಾಯಿ ತೆರೆದುಕೊಂಡೇ ಇತ್ತು.

ಜೂನ್‌ನಲ್ಲಿ ಮತ್ತೆ ಶುರು ಮಾಡಿದೆ. ನಾಲ್ಕು ಮೊಳೆ ಹೊಡೆಯಿತು, ಐದನೆಯದು ಅರ್ಧಕ್ಕೇ ನಿಂತಿತು. ಆರನೆಯ ಸಲ ಬರೀ ಸದ್ದು, ಮೊಳೆಯೇ ಇಲ್ಲ. ಗಾಳಿ ಪೈಪ್ ಬಿಚ್ಚಿ ನೋಡಿದರೆ ಎರಡು ಮೊಳೆ ಮೂತಿಯೊಳಗೆ ಒಂದಕ್ಕೊಂದು ಹೆಣೆದುಕೊಂಡು ಕೂತಿವೆ. ಇಕ್ಕಳದಲ್ಲಿ ಎಳೆದರೆ ಬರಲೊಲ್ಲದು. ಮೂತಿಯ ನಾಲ್ಕು ಸ್ಕ್ರೂ ಬಿಚ್ಚಿ, ಬಗ್ಗಿದ ಮೊಳೆ ತೆಗೆದು, ಮತ್ತೆ ಕೂರಿಸಿದೆ. ಹತ್ತು ಮೊಳೆ ಆದ ಮೇಲೆ ಅದೇ ಕಥೆ.

ಗಾಳಿ ಸಾಲದೇನೋ ಅಂತ 90 ಇದ್ದ ಒತ್ತಡವನ್ನು 110 ಪಿಎಸ್‌ಐಗೆ ಏರಿಸಿದೆ. ಎಣ್ಣೆ ಒಣಗಿರಬೇಕು ಅಂತ ಗಾಳಿ ಹೋಗುವ ಬಾಯಿಗೆ ನಾಲ್ಕು ಹನಿ ಬಿಟ್ಟೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಸವೆದಿದೆಯೇನೋ ಅಂತ ಹೊಸ ಕಿಟ್ ತರಿಸಿ, ಅಡುಗೆಮನೆ ಮೇಜಿನ ಮೇಲೆ ಗನ್ನನ್ನು ಬಿಚ್ಚಿ ಹರವಿದೆ. ಓ-ರಿಂಗ್ ಚೆನ್ನಾಗಿಯೇ ಇತ್ತು. ಎರಡು ಶನಿವಾರ ಹೀಗೇ ಹೋದವು.

ಆಗ ಅಮ್ಮ ಊರಿಂದ ಬಂದಿದ್ದರು. ಮೇಜಿನ ಮೇಲಿದ್ದ ಮೊಳೆ ಪಟ್ಟಿಯೊಂದನ್ನು ಸುಮ್ನೆ ಕೈಗೆತ್ತಿಕೊಂಡು ನೋಡಿದರು. ತುದಿ ಹಿಡಿದರೆ ಪಟ್ಟಿ ಕೋಲಿನ ಹಾಗೆ ನೆಟ್ಟಗೆ ನಿಲ್ಲಬೇಕು. ಅದು ಕೈಯಲ್ಲೇ ಜೋಲು ಬಿತ್ತು. "ಏನೋ ಇದು, ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗಿದೆಯಲ್ಲೋ" ಅಂದರು.

ವಿಷಯ ಅಷ್ಟೇ ಆಗಿತ್ತು. ಇಲ್ಲಿ ಬೇಸಿಗೆಯ ಗಾಳಿ ಮಂಗಳೂರಿನ ಗಾಳಿಯ ಹಾಗೆ ಅಂಟು ಅಂಟು. ಕಾಗದ ಥಂಡಿ ಹಿಡಿದು ಉಬ್ಬಿದೆ, ಅಂಟು ಬಿಟ್ಟಿದೆ. ಹಿಂದಿನಿಂದ ಸ್ಪ್ರಿಂಗ್ ತಳ್ಳಿದಾಗ ಪಟ್ಟಿ ಡೊಂಕಾಗಿ, ಮೊಳೆ ವಾರೆಯಾಗಿ ಬಂದು ಸಿಕ್ಕಿಕೊಳ್ಳುತ್ತಿದೆ. ಹೊಸ ಡಬ್ಬ ತಂದು ಹಾಕಿದರೆ ಅದೇ ಗನ್ ಒಂದೂ ತಪ್ಪದೆ ಹೊಡೆಯಿತು!

ಮೊಳೆಯನ್ನು ಗಾಳಿಯಾಡದ ಡಬ್ಬದಲ್ಲಿಟ್ಟು, ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿದರೆ ಈ ಕಾಟ ಇರುವುದಿಲ್ಲ. ಒಂದು ತಿಂಗಳು ಹಾಗೂ ಮಾಡಿದೆ. ಆದರೆ ನಾನು ಒಂದು ವಾರಾಂತ್ಯ ಕೆಲಸ ಮಾಡಿ ಇಪ್ಪತ್ತು ದಿನ ಮರೆಯುವವನು. ಗನ್ನಿನೊಳಗೇ ಅರ್ಧ ಪಟ್ಟಿ ಬಿಟ್ಟು ಬಾಗಿಲು ಹಾಕಿಕೊಂಡು ಬರುವವನು. ದಿನಾ ಮನೆ ಕಟ್ಟುವವರಿಗೆ ಡಬ್ಬ ಬೇಗ ಖಾಲಿಯಾಗುತ್ತದೆ, ಕಾಗದಕ್ಕೆ ಮೆತ್ತಗಾಗಲು ಪುರುಸೊತ್ತೇ ಇಲ್ಲ. ಅಂಥವರಿಗೆ ಕಾಗದದ ಗನ್ನೇ ಸರಿ. ಕೆಳಗೆ ಪ್ಲಾಸ್ಟಿಕ್ ಕಸವೂ ಬೀಳುವುದಿಲ್ಲ.

ಹೀಗೆ ಎನ್‌ಆರ್90 ಬಂತು. ಅದರಲ್ಲಿ ಅಕ್ಟೋಬರ್‌ನಲ್ಲಿ ಬಿಟ್ಟ ಮೊಳೆಯನ್ನು ಮಾರ್ಚ್‌ನಲ್ಲಿ ಹೊಡೆದಿದ್ದೇನೆ. ತೂಕ ಏಳೂವರೆ ಪೌಂಡು, ಅಂದರೆ ಸುಮಾರು 3.4 ಕೆ.ಜಿ. ಏಣಿ ಮೇಲೆ ಒಂದೇ ಕೈಯಲ್ಲಿ ಹಿಡಿಯಬಹುದು. ಮೊಳೆ ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದನ್ನು ಕೈಯಲ್ಲೇ ತಿರುಗಿಸಿ ಹೊಂದಿಸಬಹುದು. ಮೂಲೆಗೆ ಹೋಗುವಾಗ ಮಾತ್ರ ಒದ್ದಾಟ. ಎರಡು ಕಂಬಗಳ ನಡುವೆ ಇರುವುದೇ ಹದಿನಾಲ್ಕೂವರೆ ಇಂಚು. ಅಲ್ಲಿ ಓರೆಯಾಗಿ ಮೊಳೆ ಹೊಡೆಯಲು 30 ಡಿಗ್ರಿಯದೇ ವಾಸಿ, ಒಪ್ಪಿಕೊಳ್ಳುತ್ತೇನೆ.

ಪ್ಲಾಸ್ಟಿಕ್ಕಿನ ದೊಡ್ಡ ಕಾಟ ಚೂರುಗಳದು. ಪ್ರತಿ ಮೊಳೆಗೂ ಒಂದು ಚೂರು ಚಿಮ್ಮುತ್ತದೆ. ಕೆನ್ನೆಗೆ ಬಡಿದರೆ ಚುರುಕ್ ಅನ್ನುತ್ತದೆ, ಕನ್ನಡಕ ಹಾಕದೆ ಹೊಡೆಯಲೇಬೇಡಿ. ಕೆಲಸ ಮುಗಿದ ಮೇಲೆ ಅಮ್ಮ ಹುಲ್ಲಿನ ಮೇಲೆ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದರು. ಒಂದು ಸಂಜೆಗೆ ಒಂದು ಚೊಂಬು ತುಂಬಿತ್ತು.

ಇನ್ನು ಬ್ಯಾಟರಿ ಗನ್. ಪೈಪಿಲ್ಲ, ಕಂಪ್ರೆಸರಿನ ಗಲಾಟೆ ಇಲ್ಲ, ಬೇಲಿಗೆ ನಾಲ್ಕು ಮೊಳೆ ಹೊಡೆಯಬೇಕಾದರೆ ಅದರಂಥದ್ದಿಲ್ಲ. ಆದರೆ ಭಾರ. ಗೆಳೆಯನದರಲ್ಲಿ ಮೂತಿ ಒತ್ತಿದ ಮೇಲೆ ಒಳಗಿನ ಚಕ್ರ ಗುಂಯ್ ಅಂತ ತಿರುಗಿ ವೇಗ ಹಿಡಿಯುವವರೆಗೂ ಕಾಯಬೇಕು. ಛಾವಣಿಗೆ ಹೋಗುವಷ್ಟರಲ್ಲಿ ತೋಳು ಬಿದ್ದುಹೋಯಿತು. ಬೆಲೆಯೂ ನನ್ನ ಗನ್ನಿನ ಎರಡರಷ್ಟಕ್ಕಿಂತ ಜಾಸ್ತಿ. ಹೊಸದಾಗಿ ಬ್ಯಾಟರಿ, ಚಾರ್ಜರ್ ಎಲ್ಲ ಕೊಳ್ಳಬೇಕಾದವರು ಯೋಚಿಸಿ.

ಗಾಳಿ ಗನ್ ಅಂದಮೇಲೆ ಕಂಪ್ರೆಸರ್ ಬೇಕಲ್ವಾ? ಒಬ್ಬರೇ ಹೊಡೆಯುವುದಾದರೆ ಆರು ಗ್ಯಾಲನ್ನಿನ ಚಪ್ಪಟೆ ಕಂಪ್ರೆಸರ್ ಸಾಕು. ನಾನು ಮೊದಲು ಅದನ್ನು ಷೆಡ್ಡಿನ ಹತ್ತಿರ ಇಟ್ಟು, ಗ್ಯಾರೇಜಿನಿಂದ ತೆಳು ವೈರಿನ ಉದ್ದ ಎಕ್ಸ್‌ಟೆನ್ಷನ್ ಎಳೆದಿದ್ದೆ. ಮೋಟರ್ ನರಳಿತು, ಬ್ರೇಕರ್ ಬಿತ್ತು. ಈಗ ಕಂಪ್ರೆಸರ್ ಪ್ಲಗ್ಗಿನ ಪಕ್ಕದಲ್ಲೇ ಇರುತ್ತದೆ, ಗಾಳಿ ಪೈಪ್ ಮಾತ್ರ ಉದ್ದ.

ಮರದ ತೊಲೆಗಳನ್ನು ಹಿಡಿದು ನಿಲ್ಲಿಸುವ ತೂತಿರುವ ಕಬ್ಬಿಣದ ಹ್ಯಾಂಗರುಗಳಿಗೆ ಈ ಮೂರೂ ಗನ್ ಆಗುವುದಿಲ್ಲ, ತೂತಿಗೆ ಗುರಿ ಸಿಗುವುದಿಲ್ಲ. ನಾನು ಸುತ್ತಿಗೆಯಲ್ಲೇ ಹೊಡೆದೆ. ನೆಲಕ್ಕೆ ತಾಗುವ ಔಷಧಿ ಕುಡಿಸಿದ ಮರಕ್ಕೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಹಾಟ್ ಡಿಪ್ ಗ್ಯಾಲ್ವನೈಸ್ ಮೊಳೆಯಂಥದ್ದೇ ಬೇಕು. ಆ ಮರದಲ್ಲಿರುವ ತಾಮ್ರ ಸಾದಾ ಮೊಳೆಯನ್ನು ತಿಂದುಹಾಕುತ್ತದೆ.

ಟ್ರಿಗರ್ ಬಗ್ಗೆ ಒಂದು ಮಾತು. ಒತ್ತಿ ಹಿಡಿದು, ತಾಗಿಸಿದಲ್ಲೆಲ್ಲ ಹೊಡೆಯುವ ಸೌಕರ್ಯ ನನ್ನ ಗನ್ನಿನಲ್ಲಿದೆ. ನಾನು ಬಳಸುವುದಿಲ್ಲ, ಒಂದು ಒತ್ತಿಗೆ ಒಂದೇ ಮೊಳೆ. ಮರದ ಗಂಟಿಗೆ ತಾಗಿದ ಮೊಳೆಯೊಂದು ಬಗ್ಗಿ ಪಕ್ಕದಿಂದ ಹೊರಬಂದಾಗ ನನ್ನ ಎಡಗೈ ಅಲ್ಲಿಂದ ಎರಡು ಇಂಚು ದೂರದಲ್ಲಿತ್ತು.

ಷೆಡ್ ಮುಗಿದು ಎರಡು ವರ್ಷವಾಯಿತು. ಹುಲ್ಲು ಕತ್ತರಿಸುವಾಗ ಈಗಲೂ ಮಷೀನ್ ಒಂದೊಂದು ಪ್ಲಾಸ್ಟಿಕ್ ಚೂರನ್ನು ಉಗುಳುತ್ತದೆ.