1,500 ರೂಪಾಯಿ ಉಳಿಸಿದ ಫೋನ್, ಉಳಿಸದ ಫೋನ್

2024ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಅಂಗಡಿಗೆ ನಾನು ಮತ್ತು ನನ್ನ ತಮ್ಮ ಫೋನ್ ತರಲು ಹೋಗಿದ್ದೆವು. ಇಬ್ಬರಿಗೂ ಒಂದೇ ಮಾಡೆಲ್ ಇಷ್ಟವಾಯಿತು. ಅಂಗಡಿಯವನು ಎರಡು ಡಬ್ಬಿ ಇಟ್ಟ. ಒಂದರ ಬೆಲೆ 1,500 ರೂಪಾಯಿ ಕಡಿಮೆ.

"ಅಕ್ಕಾರ, ಎರಡೂ ಅದ ಫೋನ್ ರಿ. ಇದಕ್ಕ ಬರೇ ಸಿಮ್ ಈ ಕಂಪನಿದ ಇರಬೇಕು, ಹದಿನೆಂಟ ತಿಂಗಳ. ಅಷ್ಟ ನೋಡ್ರಿ."

ಅಷ್ಟೇ ತಾನೆ ಅಂತ ನಾನು ಅಗ್ಗದ್ದು ತಗೊಂಡೆ. ತಮ್ಮ ಪೂರ್ತಿ ದುಡ್ಡು ಕೊಟ್ಟು ಯಾವ ಸಿಮ್ ಬೇಕಾದರೂ ಹಾಕಬಹುದಾದ ಫೋನ್ ತಗೊಂಡ. ದಾರಿಯುದ್ದಕ್ಕೂ ಅವನನ್ನು ಚೇಷ್ಟೆ ಮಾಡಿದ್ದೆ.

ಇಂಥ ಕಟ್ಟುಪಾಡು ಹೊಸದೇನಲ್ಲ. ಅಮೆರಿಕದಲ್ಲಿ 2007ರಲ್ಲಿ ಐಫೋನ್ ಬಂದಾಗ ಎಟಿ ಅಂಡ್ ಟಿ ಸಿಮ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 2011ರ ಫೆಬ್ರುವರಿಯಲ್ಲಿ ವೆರಿಝಾನ್‌ಗೂ ಸಿಗುವವರೆಗೆ ಜನ ಕರೆ ಕಟ್ ಆಗುತ್ತದೆ ಅಂತ ಗೊಣಗುತ್ತಲೇ ಅದನ್ನು ಬಳಸಿದರು. ನಮ್ಮಲ್ಲೂ 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಫೋನ್ ಕೊಟ್ಟಿತ್ತಲ್ಲ, ಅದರಲ್ಲಿ ಬದಲಿಸೋಣ ಅಂದರೆ ಸಿಮ್ಮೇ ಇರಲಿಲ್ಲ.

ಇನ್ನು ನಮ್ಮ ಎರಡು ಫೋನ್‌ಗಳ ವಿಷಯ. ಕ್ಯಾಮೆರಾ, ಬ್ಯಾಟರಿ, ಪರದೆ ಎಲ್ಲ ಒಂದೇ, ಅದನ್ನು ಬಿಡಿ. ವ್ಯತ್ಯಾಸ ಗೊತ್ತಾಗಿದ್ದು ನಿಂತ ಜಾಗದಲ್ಲಿ.

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಹಳೇ ಮನೆ, ಎರಡಡಿ ದಪ್ಪದ ಗೋಡೆ. ಅಡುಗೆಮನೆಗೆ ಹೋದರೆ ನನ್ನ ಫೋನ್‌ನಲ್ಲಿ ಒಂದು ಕಡ್ಡಿ, ಅದೂ ಬಂದು ಹೋಗುವ ಕಡ್ಡಿ. ಪಕ್ಕದಲ್ಲೇ ಕೂತ ತಮ್ಮನ ಫೋನ್‌ನಲ್ಲಿ ಬೇರೆ ಕಂಪನಿಯ ಸಿಮ್, ಅದರಲ್ಲಿ ಮೂರು. 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ಗೋಡೆ ದಾಟಿ ಒಳಗೆ ಬರುತ್ತವೆ. 2300 ಮೆಗಾಹರ್ಟ್ಸ್‌ನಂಥವು ವೇಗ ಕೊಟ್ಟರೂ ಗೋಡೆಗೆ ಸೋಲುತ್ತವೆ. ನಮ್ಮ ಓಣಿಗೆ ಯಾವ ಕಂಪನಿ ಯಾವ ತರಂಗ ಬಿಡುತ್ತಿದೆ ಎಂದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕೊನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿ, ಟವರಿನ ಬದಲು ಮನೆಯ ವೈಫೈ ಮೂಲಕ ಕರೆ ಹೋಗುವ ವೈಫೈ ಕಾಲಿಂಗ್ ಆನ್ ಮಾಡಿದೆ. ಮನೆಯ ಮಟ್ಟಿಗೆ ತೊಂದರೆ ತಪ್ಪಿತು. ಆದರೆ ಅದರ ಖರ್ಚು ಬೇರೆ.

ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುತ್ತೇನೆ. ಅಲ್ಲಿ ನನ್ನದೇ ಮೇಲು. ನವನಗರ, ಉಣಕಲ್ ದಾಟಿ ಹೊಸೂರಿನವರೆಗೆ ಒಂದು ಸಲವೂ ಮಾತು ಕಟ್ ಆಗಿಲ್ಲ. ತಮ್ಮನದು ಎರಡು ಕಡೆ "ಹಲೋ, ಹಲೋ" ಆಗುತ್ತಿತ್ತು.

ನಾನು ಸೋತಿದ್ದು ಬ್ಯಾಡಗಿಯಲ್ಲಿ. ಮಸಾಲೆ ಅಂಗಡಿಯೊಂದರ ಲೆಕ್ಕ ನೋಡುವ ಕೆಲಸ ನನ್ನದು. ಮೆಣಸಿನಕಾಯಿ ಸುಗ್ಗಿಯಲ್ಲಿ ಪೇಟೆಯ ದಿನ ಅಲ್ಲಿಗೆ ಹೋಗಲೇಬೇಕು. ಎಲ್ಲಿ ನೋಡಿದರೂ ಕೆಂಪು ಚೀಲ, ಲಾರಿ, ಸೀನು, ಜನ. ಫೋನ್‌ನಲ್ಲಿ ನಾಲ್ಕೂ ಕಡ್ಡಿ ಇವೆ, ಆದರೆ ಹಮಾಲರಿಗೆ ದುಡ್ಡು ಕಳಿಸಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ. ಆ ಕಡ್ಡಿಗಳು ಹೇಳುವುದು ಟವರಿನ ಸಿಗ್ನಲ್ ಎಷ್ಟು ಜೋರಾಗಿದೆ ಎಂಬುದನ್ನು ಮಾತ್ರ. ಅದೇ ಟವರಿಗೆ ಇನ್ನೆಷ್ಟು ಜನ ಜೋತುಬಿದ್ದಿದ್ದಾರೆ ಎಂಬುದನ್ನಲ್ಲ. ಒಂದು ದಿನ ಹಮಾಲ ಹಿರಿಯರೊಬ್ಬರು ಮುಕ್ಕಾಲು ತಾಸು ನನ್ನ ಎದುರೇ ಕೂತಿದ್ದರು. "ನಿಮ್ಮ ಫೋನ್ ದೊಡ್ಡದೈತಿ, ರೊಕ್ಕ ಹೋಗಂಗಿಲ್ಲ ನೋಡವಾ" ಅಂದರು. ನಾಚಿಕೆಯಾಯಿತು.

ಕಸ್ಟಮರ್ ಕೇರ್‌ಗೆ ಆರು ಸಲ ಫೋನ್ ಮಾಡಿದೆ. ಆರು ಸಲವೂ ಅದೇ ಮಂತ್ರ: ಫ್ಲೈಟ್ ಮೋಡ್ ಹಾಕಿ ತೆಗೆಯಿರಿ, ಫೋನ್ ಆಫ್ ಮಾಡಿ ಆನ್ ಮಾಡಿ. ಕೊನೆಗೆ "ನಿಮ್ಮ ಏರಿಯಾದಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಮೇಡಂ" ಎಂಬ ಮೆಸೇಜ್, ದೂರು ಮುಗಿದಿದೆ ಎಂಬ ಇನ್ನೊಂದು ಮೆಸೇಜ್. ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್‌ಗೆ ಬರೆಯೋಣವೆಂದರೆ ಅವರು ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ದೂರಿನ ನಂಬರ್ ಇಟ್ಟುಕೊಂಡು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಹೋದೆ. ಉತ್ತರ ಬಂತು, ಸಭ್ಯವಾಗಿತ್ತು. ನೆಟ್‌ವರ್ಕ್ ಮಾತ್ರ ಹಾಗೇ ಇತ್ತು.

ಅದೇ ಹೊತ್ತಿಗೆ, 2024ರ ಜುಲೈನಲ್ಲಿ, ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂರೂ ದರ ಏರಿಸಿದವು. ತಮ್ಮನಿಗೂ ಅವನ ಕಂಪನಿ ಸಾಕಾಗಿತ್ತು. ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಲು PORT ಅಂತ ಬರೆದು, ಜಾಗ ಬಿಟ್ಟು, ತನ್ನ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದ. 8 ಅಕ್ಷರದ ಕೋಡ್ ಬಂತು. ಅದು 4 ದಿನ ನಡೆಯುತ್ತದೆ. ಮರುದಿನ ಹೊಸ ಕಂಪನಿಯ ಅಂಗಡಿಗೆ ಆಧಾರ್ ಹಿಡಿದು ಹೋದ, ನಂತರ ಮೂರು ಕೆಲಸದ ದಿನಗಳಲ್ಲಿ ಹೊಸ ಸಿಮ್ ಶುರುವಾಯಿತು. ಹಿಡಿಸದಿದ್ದರೆ 90 ದಿನ ಆದ ಮೇಲೆ ಮತ್ತೆ ಬದಲಿಸಬಹುದು. ಈ ಸೌಲಭ್ಯ ದೇಶದಲ್ಲೆಲ್ಲ ಬಂದಿದ್ದು 2011ರ ಜನವರಿ 20ರಂದು. ನನ್ನ ನಂಬರಿಗೂ ಅದು ಇತ್ತು, ಇಲ್ಲ ಅನ್ನುವಂತಿಲ್ಲ. ಆದರೆ ನಂಬರ್ ಹೊರಟರೆ ಫೋನ್ ಬಾಗಿಲು ಹಾಕಿಕೊಳ್ಳುತ್ತಿತ್ತು. ಬೇರೆ ಸಿಮ್ ಹಾಕಿದರೆ ಪರದೆಯ ಮೇಲೆ ಒಂದು ಸಾಲಿನ ನೋಟಿಸ್, ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಸೋತು, ಹಳೇ ಫೋನ್‌ಗೆ ಬೇರೆ ಕಂಪನಿಯ ಸಿಮ್ ಹಾಕಿಸಿದೆ. ಬ್ಯಾಡಗಿಗೆ ಅದು, ಉಳಿದದ್ದಕ್ಕೆ ಇದು. ಚೀಲದಲ್ಲಿ ಎರಡು ಫೋನ್, ಎರಡು ಚಾರ್ಜರ್. ಹದಿನೆಂಟು ತಿಂಗಳ ಆ ಸಿಮ್ ಬೀಗ ಬಿಡುವವರೆಗೆ ಇನ್ನೂ ಒಂದು ವರ್ಷ, 28 ದಿನಕ್ಕೊಮ್ಮೆ ಸುಮಾರು 200 ರೂಪಾಯಿ, 13 ಸಲ. 2,600 ಆಯಿತು. ಲೆಕ್ಕ ಬರೆಯುವವಳು ನಾನು, ನನಗೇ ಇದು ಮೊದಲು ಹೊಳೆಯಲಿಲ್ಲ ನೋಡಿ.

ಹಾಗಂತ ಬೀಗದ ಫೋನ್ ಯಾರೂ ತಗೋಬಾರದು ಅಂತ ನಾನು ಹೇಳಲ್ಲ. ಒಂದೇ ಕಡೆ ಇರುವವರು, ಅಲ್ಲಿ ಆ ಕಂಪನಿ ಚೆನ್ನಾಗಿ ಸಿಗುತ್ತದೆ ಅಂತ ಗೊತ್ತಿರುವವರು ಧಾರಾಳವಾಗಿ ತಗೊಳ್ಳಲಿ, 1,500 ಸುಮ್ನೆ ಯಾಕೆ ಬಿಡಬೇಕು? ತಗೊಳ್ಳುವ ಮೊದಲು ಪಕ್ಕದ ಮನೆಯವರ ಆ ಕಂಪನಿಯ ಸಿಮ್ ಇರುವ ಫೋನ್ ಒಂದು ಸಂಜೆ ಇಸಿದುಕೊಂಡು ಅಡುಗೆಮನೆಯಲ್ಲಿ ನಿಂತು ಮಾತಾಡಿ ನೋಡಿ. ಮನೆಯ ಹೊರಗೆ ನಿಂತು ಅಲ್ಲ, ಒಳಗೆ. ಮೂರು ಊರು ತಿರುಗುವವರಿಗಾದರೆ ತಮ್ಮನ ಫೋನೇ ಸರಿ.

ನನ್ನ ಫೋನ್‌ನ ಬೀಗ 2025ರ ಸೆಪ್ಟೆಂಬರ್‌ನಲ್ಲಿ ಬಿಟ್ಟಿತು. ಅದನ್ನು ಗದಗ ಜಿಲ್ಲೆಯ ನಮ್ಮ ಹಳ್ಳಿಯಲ್ಲಿರುವ ಅವ್ವನಿಗೆ ಕೊಟ್ಟೆ. ಕಪ್ಪತಗುಡ್ಡದ ಮಗ್ಗುಲಿನ ಊರು ಅದು. ಗುಡ್ಡ ಅಡ್ಡ ಬರುವುದರಿಂದ ಬೇರೆ ಕಂಪನಿಯ ಫೋನ್ ಹಿಡಿದವರು ಮಾಳಿಗೆ ಹತ್ತಬೇಕು. ಈಗ ಅದರಲ್ಲಿ ಯಾವ ಸಿಮ್ ಬೇಕಾದರೂ ಹಾಕಬಹುದು, ಆದರೆ ಅಲ್ಲಿ ಚೆನ್ನಾಗಿ ಸಿಗುವುದು ನನ್ನ ಆ ಹಳೇ ಕಂಪನಿಯೇ. ಅದೇ ಸಿಮ್ ಹಾಗೇ ಬಿಟ್ಟಿದ್ದೇನೆ. ದೀಪಾವಳಿಗೆ ಹೋದಾಗ ತಮ್ಮ ಎರಡು ಸಲ ಮಾಳಿಗೆ ಹತ್ತಿ ಇಳಿದ. ಮೂರನೇ ಸಲ ಅವ್ವನ ಹತ್ತಿರ ಹಾಟ್‌ಸ್ಪಾಟ್ ಕೇಳಿದ.